ಹುರುಳಿ

ಈ ಸಲ ಹೋದದ್ದು ಗ್ಯಾಸ್ ಸಿಲಿಂಡರು.
ಹೋದ ಸಲ ತಾಮ್ರದ ಹಂಡೆ, ಹಿತ್ತಲಿನಿಂದ,
ಒಲೆಯ ಬೂದಿ ಇನ್ನೂ ಬೆಚ್ಚಗಿರುವಾಗಲೇ.
"ನಾಯಿ ಸಾಕ್ರೀ ಸಿಸ್ಟರ್" ಎಂದಿತು ಕೆಳಗೋಟೆ ಒಂದೇ ಬಾಯಲ್ಲಿ.
ಎಂಥ ನಾಯಿ ಎಂದರೆ ಮಾತ್ರ
ಮನೆಗೊಂದು ಬಾಯಿ.

ನನ್ನ ಪೇಚು ಬೇರೆ.
ಮೂವತ್ತೊಂದು ವರ್ಷ ಹೆರಿಗೆ ವಾರ್ಡಿನಲ್ಲಿ ನಿಂತ ಕಾಲು ಇವು.
ರಿಟೈರಾದದ್ದು ಸರ್ಕಾರಕ್ಕೆ ಗೊತ್ತು, ಓಣಿಗೆ ಗೊತ್ತಿಲ್ಲ.
ರಾತ್ರಿ ಎರಡಕ್ಕೆ ಗೇಟು ಅಲ್ಲಾಡಿಸುತ್ತಾರೆ
ಅಂಗಿ ತಿರುವುಮುರುವು ತೊಟ್ಟವರು,
ಹೆಂಡತಿಯ ಹೆಸರು ಹೇಳಲೂ ನಾಲಿಗೆ ಒಣಗಿದವರು,
ಕೈಯಲ್ಲಿ ಬ್ಯಾಟರಿ, ಕಾಲಲ್ಲಿ ಏನೂ ಇಲ್ಲ.
ಕತ್ತಲಲ್ಲಿ ಕಳ್ಳನೂ ಹಾಗೇ ಕಾಣುತ್ತಾನೆ.
ಇಬ್ಬರನ್ನೂ ಮೂಸಿ ಬೇರೆ ಮಾಡಬೇಕು ನನ್ನ ನಾಯಿ.
ಅದು ಯಾವ ಜಾತಿಯದು, ಹೇಳಿ?

ಹೆಡ್ ಕಾನ್‌ಸ್ಟೇಬಲ್ ಆಗಿದ್ದ ಪರಮೇಶಿ ಅಲ್ಸೇಷನ್ ತೋರಿಸಿದರು.
ಕೂರು ಎಂದರೆ ಕೂತಿತು. ಬಿಡು ಎಂದರೆ ಬಿಟ್ಟಿತು.
"ಹೇಳುವುದಕ್ಕೆ ನೀವಿಲ್ಲದಾಗ?" ಎಂದೆ.
ನಾಯಿ ಅವರನ್ನು ನೋಡಿತು,
ಅವರು ಗೋಡೆ ನೋಡಿದರು.
ಗ್ರಾನೈಟ್ ಕಾರ್ಖಾನೆಯ ಡಾಬರ್‌ಮನ್
ನನ್ನ ಸೀರೆಯ ನೆರಿಗೆ ಎಣಿಸುತ್ತ ನಿಂತಿತ್ತು.
ಮುಧೋಳದ್ದು ಬಿಗಿದ ಬಿಲ್ಲು, ಕಣ್ಣು ತುಂಬ ಬಯಲು;
ಅಂಥದನ್ನು ಮೂವತ್ತು ನಲವತ್ತರ ಸೈಟಿನಲ್ಲಿ ಕಟ್ಟಿದರೆ
ಪಾಪ ನನಗೇ ಸುತ್ತಿಕೊಂಡೀತು.
ಬ್ಯಾಂಕಿನವರ ಲ್ಯಾಬ್ರಡಾರ್
ನನ್ನ ಮೊಣಕಾಲಿಗೆ ಒರಗಿ ಅಲ್ಲೇ ನಿದ್ದೆ ಹೋಯಿತು.
ಎಬ್ಬಿಸಲು ಮನಸ್ಸಾಗಲಿಲ್ಲ.
ಕಳ್ಳನಿಗೂ ಆಗುವುದಿಲ್ಲ.

ಕೊನೆಗೆ ಚಳ್ಳಕೆರೆಯಾಚೆಯ ಹಟ್ಟಿ, ಕ್ಯಾತಜ್ಜನ ಕುರಿರೊಪ್ಪ.
ಅವನ ಮೊಮ್ಮಗಳು ನನ್ನ ಕೈಯಲ್ಲಿ ಹುಟ್ಟಿದವಳು,
ಈಗ ತಾನೇ ಬಸುರಿ.
"ಜಾತಿ ಏನು ಕೇಳ್ತೀಯವ್ವಾ, ತಾಯಿನ್ ನೋಡು" ಎಂದ.

ನೋಡಿದೆ. ಜಾಲಿಮುಳ್ಳಿನ ಬೇಲಿಯೊಳಗೆ ಮಲಗಿದ್ದಳು,
ಬೆನ್ನಿನ ಮೇಲೆ ಎರಡು ಕುರಿಮರಿ,
ಒಂದು ಅವಳ ಕಿವಿ ಚೀಪುತ್ತಿತ್ತು.
ನಾನು ಹೆಜ್ಜೆ ಇಟ್ಟೆ. ಎದ್ದಳು.
ಬೊಗಳಲಿಲ್ಲ, ಹಲ್ಲು ತೋರಲಿಲ್ಲ,
ನನಗೂ ಮರಿಗಳಿಗೂ ನಡುವೆ ಬಂದು ನಿಂತಳು.
ಇದ್ದೇನೆ, ಎಂದಳು, ಅಷ್ಟೆ.
ಹಾಗೆ ನಿಂತವರನ್ನು ವಾರ್ಡಿನ ಬಾಗಿಲಲ್ಲಿ ಕಂಡಿದ್ದೇನೆ,
ಮಗಳು ಒಳಗೆ ನರಳುವಾಗ.
ಅಜ್ಜ ನನ್ನ ಕೈಗೆ ಮಜ್ಜಿಗೆ ಕೊಟ್ಟ.
ಅದನ್ನು ನೋಡಿ ಅವಳು ಕೂತಳು.

ಹುರುಳಿ ಬಣ್ಣದ ಮರಿಯನ್ನು ಚೀಲದಲ್ಲಿಟ್ಟು ತಂದೆ.
ಕಂಡಕ್ಟರು ಅದಕ್ಕೂ ಟಿಕೆಟ್ ಹರಿದ, ತಲೆಯನ್ನೂ ಸವರಿದ.
ಆಮೇಲೆ ಊರೆಲ್ಲ ಎತ್ತಿಕೊಂಡ ಕೂಸು ಅದು:
ಹಾಲಿನವನು, ಮೀಟರ್ ಓದುವವನು,
ಟೋಪಿಯವರು, ಬುರ್ಖಾದವರು, ಕೋಲೂರುವ ಮುದುಕರು,
ಯೂನಿಫಾರ್ಮಿನ ಹುಡುಗಿಯರ ಇಡೀ ಸಾಲು.
"ಹೀಗಾದರೆ ಅದೆಲ್ಲಿ ಕಾಯುತ್ತೆ?" ಎಂದರು ಪರಮೇಶಿ.
ಉತ್ತರ ನನಗೂ ಗೊತ್ತಿರಲಿಲ್ಲ.

ಮೊನ್ನೆ ಅಮಾವಾಸ್ಯೆ.
ಜೋಗಿಮಟ್ಟಿಯ ಗಾಳಿಕಂಬಗಳ ಕೆಂಪು ದೀಪ ಬಿಟ್ಟರೆ ಬೆಳಕಿಲ್ಲ.
ಹುರುಳಿ ಎರಡು ಸಲ ಬೊಗಳಿತು.
ನಾನು ಕನ್ನಡಕ ಹುಡುಕುವಷ್ಟರಲ್ಲಿ ಸುಮ್ಮನಾಯಿತು.
ಆ ಸುಮ್ಮನಿಗೆ ಹೆದರಿದೆ,
ಹೆದರಿ ಹಾಗೇ ನಿದ್ದೆಯೂ ಹೋದೆ. ವಯಸ್ಸು.

ಬೆಳಿಗ್ಗೆ ಸಿಲಿಂಡರು ಇದ್ದಲ್ಲೇ ಇತ್ತು.
ಮೆಟ್ಟಿಲ ಮೇಲೆ ಮೂರು ಮೋಟುಬೀಡಿ,
ಧೂಳಿನಲ್ಲಿ ಬರಿಗಾಲಿನ ಗುರುತು,
ಪಕ್ಕದಲ್ಲೇ ನಾಯಿ ಮಲಗಿದ್ದ ದುಂಡನೆಯ ಗುಳಿ.
ಕದಿಯಲು ಬಂದವನೋ,
ಕರೆಯಲು ಬಂದು, ಮುದುಕಿಯ ನಿದ್ದೆ ಕೆಡಿಸಲಾರದೆ ಕೂತವನೋ.
ಬೆಳಗಿನವರೆಗೂ ಅಲ್ಲಿ ಇಬ್ಬರೂ ಕಾದಿದ್ದಾರೆ,
ಯಾರು ಯಾರನ್ನು ಎಂದು ತಿಳಿಯದು.

ಹುರುಳಿಯನ್ನು ಕೇಳಿದೆ.
ಆಕಳಿಸಿತು.